ಅವ್ವನಿಗೆ ಒಗ್ಗುವ ಗಾಳಿ

ಸಾಂಬ್ರಾಣಿ
೩ ಡಿಸೆಂಬರ್ ೨೦೨೪

ತಮ್ಮಾ ಪುಂಡಲೀಕ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಅವ್ವ ನಿನ್ನ ಮನೆ ಮುಟ್ಟಿ ನಾಲ್ಕು ದಿನವಾಯಿತು. ನಾನು ಏಳು ಸಲ ಫೋನು ಮಾಡಿದೆ. ಏಳು ಸಲವೂ ನೀನು ಸ್ಪೀಕರ್ ಹಚ್ಚಿ ಅವಳ ಮುಂದೆ ಹಿಡಿದೆ. ಅವ್ವನ ದಮ್ಮಿನ ವಿಚಾರವನ್ನು ಅವ್ವನ ಎದುರಿಗೇ ಹೇಗೆ ಕೇಳಲಿ? "ಎದಿ ಹೆಂಗೈತಿ ಅವ್ವಾ" ಅಂದರೆ "ನನಗೇನ ಆಗೇತಿ, ಕಲ್ಲಿನಂಗ ಅದೇನಿ" ಅನ್ನುತ್ತಾಳೆ. ನಿಮ್ಮದು ಒಂದೇ ಕೋಣೆಯ ಮನೆ. ನೀನು ಫೋನು ಹಿಡಿದು ಹೊರಗೆ ಹೋದರೆ ಅವಳಿಗೆ ಅನುಮಾನ. ವಾಟ್ಸಾಪಿನಲ್ಲಿ ಕೇಳಿದರೆ ಒಂದು ಹೆಬ್ಬೆರಳು ತೋರಿಸಿ ಕೈ ತೊಳೆದುಕೊಳ್ಳುತ್ತೀ. ಅದಕ್ಕೇ ಈ ಕಾಗದ. ಹಳಿಯಾಳದ ತರಕಾರಿ ಲಾರಿಯ ಸಿಕಂದರ ವಾರಕ್ಕೆ ಎರಡು ಸಲ ಗೋವಾಕ್ಕೆ ಬರುತ್ತಾನಲ್ಲ, ಅವ್ವನನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಬಂದವನೂ ಅವನೇ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಮಾರ್ಕೆಟ್ಟಿಗೆ ಹೋಗಿ ಇಸಿದುಕೋ. ಉತ್ತರ ಎರಡು ಪುಟಕ್ಕೆ ಕಡಿಮೆ ಇದ್ದರೆ ನಾನು ಓದುವುದಿಲ್ಲ.

ದಮ್ಮಿನ ಪಂಪು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಅವಳು ಹಿಡಿದುಕೊಂಡು ಕೂತದ್ದನ್ನು ನೋಡಿ ಸೇದಿದಳು ಅಂದುಕೊಳ್ಳಬೇಡ. ತೀರಿಹೋದೀತು ಅಂತ ಬಾಯಿಗೆ ಹಿಡಿದು ಒತ್ತದೇ ಇಳಿಸಿಬಿಡುತ್ತಾಳೆ. ಕಸಬರಿಗೆ ಅವಳ ಕೈಗೆ ಕೊಡಬೇಡ. ರೂಪಾಲಿಗೂ ಹೇಳು.

ಇಲ್ಲಿಯ ಸ್ಥಿತಿ ನೀನು ಕೇಳುವುದೇ ಬೇಡ. ದೀಪಾವಳಿ ಮುಗಿದದ್ದೇ ತಡ, ಕಬ್ಬಿನ ಕಟಾವು ಶುರು. ಕಡಿದ ಹೊಲದಲ್ಲಿ ಮೊಣಕಾಲು ಮಟ್ಟ ಬಿದ್ದ ಒಣ ಎಲೆಯ ರವದಿಗೆ ಒಬ್ಬರಾದ ಮೇಲೆ ಒಬ್ಬರು ಬೆಂಕಿ ಹಚ್ಚುತ್ತಾರೆ. ಮುಂಜಾನೆ ನಾನು ಅಂಗನವಾಡಿಯ ಬೀಗ ತೆಗೆಯುವ ಹೊತ್ತಿಗೆ ಮಂಜು ಯಾವುದು ಹೊಗೆ ಯಾವುದು ತಿಳಿಯುವುದಿಲ್ಲ. ಒಣ ಹಾಕಿದ ಸೀರೆಯ ಮೇಲೆ ಕರಿ ಎಸಳು ಬಿದ್ದಿರುತ್ತದೆ, ಕೊಡವಿದರೆ ಒರೆಸಿದ ಹಾಗೆ ಹರಡುತ್ತದೆ. ಊರವರಿಗೆ ಯಾರು ಬುದ್ಧಿ ಹೇಳಬೇಕು? ಹೋದ ವರ್ಷ ಅವ್ವ ಈ ಹೊತ್ತಿನಲ್ಲಿ ಎರಡು ಸಲ ದವಾಖಾನೆ ಸೇರಿದ್ದು ನಿನಗೆ ಗೊತ್ತಿದೆ.

ಅದೇ ಈ ಜುಲೈ ನೆನಪಿಸಿಕೋ. ರೂಪಾಲಿಯ ಬಾಣಂತನಕ್ಕೆ ಅಂತ ಹೋದವಳು ಎರಡು ತಿಂಗಳು ನಿಮ್ಮಲ್ಲಿದ್ದಳು, ಒಂದು ದಿನ ಕೆಮ್ಮಲಿಲ್ಲ. ವಾಪಸು ಬಂದಾಗ ಪಂಪು ಹೊಸದರ ಹಾಗೇ ಇತ್ತು. "ಅಕ್ಕಾ, ಸಮುದ್ರದ ಗಾಳಿ ಅಂದ್ರ ಔಷಧ ಇದ್ದಂಗ" ಅಂತ ನೀನೇ ಎದೆ ಉಬ್ಬಿಸಿ ಹೇಳಿದ್ದೆ. ಹಾಗಾದರೆ ಆ ಔಷಧ ಮಾರ್ಚ್ ಮುಗಿಯುವವರೆಗೆ ಅವ್ವನಿಗೆ ಸಿಗಲಿ. ಹನ್ನೆರಡು ವರ್ಷ ನಾನು ನೋಡಿಕೊಂಡೆ, ನೀನು ನಾಲ್ಕು ತಿಂಗಳು ನೋಡಿಕೋ.

ನಿನ್ನ ಅಕ್ಕ,
ಸುವರ್ಣಾ


ಖಾರೆಭಾಟ, ಗೋವಾ
೧೧ ಡಿಸೆಂಬರ್ ೨೦೨೪

ಅಕ್ಕಾ,

ನಿನ್ನ ಕಾಗದ ಮೆಣಸಿನಕಾಯಿ ಚೀಲದ ಮೇಲೆ ಕೂತು ಬಂದಿದೆ, ಘಾಟು ಇನ್ನೂ ಹೋಗಿಲ್ಲ. ಒಳಗಿನ ಅಕ್ಷರಗಳ ಘಾಟು ಬೇರೆ.

ಅವ್ವ ಆರಾಮಾಗಿದ್ದಾಳೆ. ಹೊಸ್ತಿಲ ಮೇಲೆ ಕೂತು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಬೀದಿಯವರನ್ನೆಲ್ಲ ವಿಚಾರಿಸಿಕೊಳ್ಳುತ್ತಾಳೆ. ಕೊಂಕಣಿ ಮೂರು ಮಾತು ಕಲಿತಿದ್ದಾಳೆ, ಮೂರನ್ನೂ ಮೀನಿನವಳ ಜೊತೆ ಜಗಳಕ್ಕೆ ಬಳಸುತ್ತಾಳೆ. ನಾನು ಯಾರ್ಡಿನಿಂದ ಬಂದ ಕೂಡಲೇ "ನಿನ್ನ ಅಂಗಿಗೆ ಹಡಗದ ತುಕ್ಕ ಹತ್ತೈತಿ, ಒಳಗ ಬರಬ್ಯಾಡ" ಅಂತ ಹಿತ್ತಲಿಗೆ ಕಳಿಸುತ್ತಾಳೆ. ಹದಿನಾರು ವರ್ಷದ ಹುಡುಗನಿದ್ದಾಗಲೂ ಹೀಗೇ ಮಾಡುತ್ತಿದ್ದಳು. ಪಂಪಿನ ಉಸ್ತುವಾರಿ ರೂಪಾಲಿಯದು. ಒತ್ತಿದ ಸದ್ದು ಕೇಳದೆ ಚಹಾ ಕೊಡುವುದಿಲ್ಲ.

ಮುಂಜಾನೆ ಒಂದಿಷ್ಟು ಮಂಜು ಇರುತ್ತದೆ, ಈ ತಿಂಗಳು ಇದ್ದದ್ದೇ. ಸೊಳ್ಳೆ ಹೆಚ್ಚಾಗಿದೆ ಅಂತ ಕಿಟಕಿ ಮುಚ್ಚಿಡುತ್ತೇವೆ. ಅವ್ವನಿಗೆ ಅದೊಂದು ಬೇಸರ. "ಸಮುದ್ರ ತೋರಸ್ತೇನಿ ಅಂದಿ, ಗೋಡಿ ತೋರಸಾಕತ್ತಿ" ಅನ್ನುತ್ತಾಳೆ. ಅಷ್ಟು ಬಿಟ್ಟರೆ ಬರೆಯುವಂಥದ್ದು ಏನಿಲ್ಲ.

ಒಂದು ಮಾತು ಕೇಳಬೇಕಿತ್ತು. ನಿಮ್ಮ ಮನೆಯ, ಸಾತಪ್ಪ ಮಾವನ ನಾಲ್ಕು ಎಕರೆ ಕಟಾವು ಯಾವಾಗ ಮುಗಿಯುತ್ತದೆ? ನಿಮ್ಮ ಓಣಿಯ ಸುತ್ತ ಹೊಗೆ ಯಾವ ಹೊತ್ತಿಗೆ ಕಡಿಮೆಯಾಗಬಹುದು? ಸುಮ್ಮನೆ ಕೇಳಿದೆ.

ಎರಡು ಪುಟ ಆಗಲಿಲ್ಲ. ನನ್ನ ಅಕ್ಷರ ಸಣ್ಣದು, ಅದನ್ನೂ ಲೆಕ್ಕ ಹಿಡಿ.

ನಿನ್ನ ತಮ್ಮ,
ಪುಂಡಲೀಕ


ಸಾಂಬ್ರಾಣಿ
೧೬ ಡಿಸೆಂಬರ್ ೨೦೨೪

ಪುಂಡಲೀಕ,

ಸುಮ್ಮನೆ ಕೇಳಿದೆಯಂತೆ! ಅವ್ವ ಬಂದು ಹದಿಮೂರು ದಿನಕ್ಕೇ ಕಟಾವು ಯಾವಾಗ ಮುಗಿಯುತ್ತದೆ ಅಂತ ಕೇಳುವವನು ಸುಮ್ಮನೆ ಕೇಳುತ್ತಾನೆಯೇ? ನನಗೆ ಅಷ್ಟೂ ತಿಳಿಯದೇ? ಒಂದು ಕೋಣೆ, ಕೈಗೂಸು, ಮೇಲೆ ಮುದುಕಿ, ಇಕ್ಕಟ್ಟಾಗುತ್ತಿದೆ ಅಂತ ನೇರ ಬರೆಯಬೇಕಿತ್ತು. ಅವ್ವನ ಮೂರು ಕೊಂಕಣಿ ಮಾತು, ಮೀನಿನವಳು ಅಂತೆಲ್ಲ ನಗಿಸಿ, ಕೊನೆಗೆ ಬಾಲದಲ್ಲಿ ಮುಳ್ಳು ಇಟ್ಟಿದ್ದೀ.

ನನ್ನ ಮನೆಯೇನು ಅರಮನೆಯೇ? ಅಪ್ಪ ತೀರಿಕೊಂಡಾಗ ನೀನು ಐಟಿಐ ಮುಗಿಸಿ ಕೆಲಸ ಹುಡುಕುತ್ತಿದ್ದೆ, ಸರಿ, ಅವ್ವ ನನ್ನ ಜೊತೆ ಬಂದಳು. ನಾನು ಎಂದಾದರೂ ನಿನ್ನನ್ನು "ಯಾವಾಗ ಒಯ್ಯುತ್ತೀ" ಅಂತ ಕೇಳಿದ್ದೇನೆಯೇ? ಈಗಲೂ ನಾನು ಕಳಿಸಿದ್ದು ಅವ್ವ ಬೇಡವಾಗಿ ಅಲ್ಲ. ಇಲ್ಲಿ ಅವಳಿಗೆ ಉಸಿರು ಸಿಗುವುದಿಲ್ಲ, ಅಲ್ಲಿ ಸಿಗುತ್ತದೆ, ಅಷ್ಟಕ್ಕೇ. ಈ ಒಂದು ಮಾತು ತಲೆಗೆ ಹೋಗಲು ಇನ್ನೆಷ್ಟು ಸಲ ಬರೆಯಬೇಕು?

ಕಟಾವು ಯಾವಾಗ ಮುಗಿಯುತ್ತದೆ ಅಂತ ಫ್ಯಾಕ್ಟರಿಯವರಿಗೇ ತಿಳಿದಿಲ್ಲ, ನಾನು ಹೇಗೆ ಹೇಳಲಿ? ಕಬ್ಬು ಕಡಿಯುವ ಗ್ಯಾಂಗಿನವರು ಇವತ್ತು ಬಂದರೆ ನಾಳೆ ಇಲ್ಲ. ಮಾರ್ಚ್ ಅಂದೆ, ಮಾರ್ಚ್.

ಸುವರ್ಣಾ


ಖಾರೆಭಾಟ
೨ ಜನವರಿ ೨೦೨೫

ಅಕ್ಕಾ,

ಹದಿನೈದು ದಿನ ಬರೆಯಲಿಲ್ಲ. ಬರೆಯಲು ಕೂತರೆ ಜಗಳವೇ ಬರುತ್ತಿತ್ತು.

ನಿನಗೆ ಹನ್ನೆರಡು ವರ್ಷದ ಮಾತು ಬಿಟ್ಟರೆ ಬೇರೆ ಮಾತಿಲ್ಲವೇ? ನಾನು ಅವ್ವನನ್ನು ಓಡಿಸುತ್ತಿದ್ದೇನೆ ಅಂತ ನೀನೇ ತೀರ್ಪು ಕೊಟ್ಟಾಯಿತು. ನನಗೂ ಒಂದು ತೀರ್ಪು ಕೊಡಲು ಬರುತ್ತದೆ: ನಿನಗೆ ಅವ್ವ ವಾಪಸು ಬರುವುದೇ ಬೇಡ. ಇಲ್ಲದಿದ್ದರೆ ಒಂದು ಸಾದಾ ಪ್ರಶ್ನೆಗೆ ಇಷ್ಟು ಉರಿ ಯಾಕೆ?

ಅವ್ವನಿಗೆ ಸ್ವಲ್ಪ ನೆಗಡಿ. ಊರಿಗೆಲ್ಲ ಇದೆ. ಬಂದರಿನ ಕಡೆ ಈಗ ರಸ್ತೆ ಅಗಲ ಮಾಡುತ್ತಿದ್ದಾರೆ, ಧೂಳು ಏಳುತ್ತದೆ, ಪಕ್ಕದ ಮನೆಯವರು ತಕರಾರು ಮಾಡುತ್ತಿದ್ದಾರೆ. ನಮಗೆ ಅಷ್ಟೇನಿಲ್ಲ.

ಪಂಪು ಮುಗಿದಿತ್ತು, ಹೊಸದು ತಂದೆ. ಹೊಸ ವರ್ಷದ ಆಶೀರ್ವಾದ ಕಳಿಸಲು ಮನಸ್ಸಿದ್ದರೆ ಕಳಿಸು.

ಪುಂಡಲೀಕ


ಸಾಂಬ್ರಾಣಿ
೭ ಜನವರಿ ೨೦೨೫

ಪುಂಡಲೀಕ,

ಪಂಪು ಹೇಗೆ ಮುಗಿಯಿತು? ಇದನ್ನು ಮೊದಲು ಹೇಳು. ನಾನು ಕಳಿಸಿದ್ದು ಹೊಸ ಪಂಪು. ಎರಡೂ ಹೊತ್ತು ಒಂದೊಂದು ಸಲ ಸೇದಿದರೂ ಮೂರು ತಿಂಗಳು ಬರಬೇಕಿತ್ತು. ಒಂದು ತಿಂಗಳಲ್ಲಿ ತೀರಬೇಕಾದರೆ ಅವ್ವ ದಿನಕ್ಕೆ ಆರೇಳು ಸಲ ಸೇದಿರಬೇಕು.

ನಿನ್ನೆ ಸ್ಪೀಕರಿನಲ್ಲಿ ಅವ್ವ ಮಾತಾಡಿದಳು. "ಮಜಾ... ಐತವಾ... ಇಲ್ಲಿ" ಅಂದಳು. ಮೂರು ಮಾತಿಗೆ ಎರಡು ಸಲ ನಿಂತಳು. ಮೂವತ್ತು ಮಕ್ಕಳ ಗದ್ದಲದಲ್ಲಿ ಯಾವುದು ಅಳುತ್ತಿದೆ, ಯಾವುದು ಅಳುವ ಹಾಗೆ ಮಾಡುತ್ತಿದೆ ಅಂತ ಗುರುತಿಸುವ ಕಿವಿ ನನ್ನದು. ಅಲ್ಲಿ ಏನು ನಡೆದಿದೆ ಅಂತ ರೂಪಾಲಿಯನ್ನು ಕೇಳಿದರೆ ಅವಳು "ಅಕ್ಕಾರ, ನೀವ ಅವರ್ನ ಕೇಳ್ರಿ" ಅಂತ ಫೋನು ಇಟ್ಟಳು. ರೂಪಾಲಿ ಸುಳ್ಳು ಹೇಳಲು ಬಾರದ ಹುಡುಗಿ, ಆ ಕಲೆ ನಿನ್ನದು.

ಸಿಕಂದರನಿಗೆ ಶುಕ್ರವಾರ ನಿನ್ನಿಂದ ಉತ್ತರ ಇಸಿದುಕೊಳ್ಳದೆ ಲಾರಿ ಬಿಡಬೇಡ ಅಂತ ಹೇಳಿದ್ದೇನೆ. "ನಿಮ್ಮ ಅಕ್ಕ-ತಮ್ಮರ ನಡುವ ನಾ ಪೋಸ್ಟಮನ್ ಆಗೇನ್ರೀ ಅಕ್ಕಾರ" ಅಂತ ಗೊಣಗಿದ. ಗೊಣಗಲಿ. ನನಗೆ ನಿಜ ಬೇಕು.

ಸುವರ್ಣಾ


ಖಾರೆಭಾಟ
೧೦ ಜನವರಿ ೨೦೨೫

ಅಕ್ಕಾ,

ಸಿಕಂದರ ಚಹಾ ಕುಡಿಯುತ್ತಾ ಕೂತಿದ್ದಾನೆ, ನಾನು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿಜ ಬೇಕು ಅಂದೆ, ತಗೋ.

ಅವ್ವ ಬಂದ ಎರಡನೇ ವಾರದಿಂದಲೇ ಕೆಮ್ಮು. ಡಿಸೆಂಬರ್ ಇಪ್ಪತ್ತಕ್ಕೆ ದವಾಖಾನೆಗೆ ಒಯ್ದು ಮೂರು ದಿನ ಇಟ್ಟುಕೊಂಡೆವು. ಮೂಗಿಗೆ ಮಾಸ್ಕು ಹಾಕಿ ಹಬೆಯಲ್ಲಿ ಔಷಧ ಕೊಟ್ಟರು. ಹದಿನೈದು ದಿನ ಬರೆಯದೆ ಇದ್ದದ್ದು ಅದಕ್ಕೇ. ಕಿಟಕಿ ಮುಚ್ಚಿದ್ದು ಸೊಳ್ಳೆಗಲ್ಲ. ಹಳೇ ಲುಂಗಿ ಒದ್ದೆ ಮಾಡಿ ಕಿಟಕಿಗೆ ಕಟ್ಟಿದ್ದೇವೆ, ಸಂಜೆಗೆ ಹಿಂಡಿದರೆ ಕರಿ ನೀರು ಬರುತ್ತದೆ.

ಇಲ್ಲಿಯ ಗಾಳಿ ಎರಡು ಥರ. ಮಳೆಗಾಲದಲ್ಲಿ ಅದು ಕಡಲಿನಿಂದ ಭರ್ರನೆ ಬರುತ್ತದೆ. ಬಂದರಿನ ಪಕ್ಕದ ಕಲ್ಲಿದ್ದಲ ರಾಶಿ ನೆನೆದು ಕೂತಿರುತ್ತದೆ, ರಸ್ತೆ ತೊಳೆದಿರುತ್ತದೆ. ಅವ್ವ ಜುಲೈನಲ್ಲಿ ಕಂಡದ್ದು ಅದನ್ನೇ. ದೀಪಾವಳಿ ದಾಟಿದ ಮೇಲೆ ಬೆಳಗಿನ ಗಾಳಿ ನೆಲದ ಕಡೆಯಿಂದ ಸಣ್ಣಗೆ ಬಂದು ನಮ್ಮ ಬಡಾವಣೆಯ ಮೇಲೆ ನಿಂತುಬಿಡುತ್ತದೆ. ರಾಶಿಯ ಪುಡಿ, ರಸ್ತೆಯ ಧೂಳು, ಲಾರಿಯ ಹೊಗೆ, ಎಲ್ಲ ಅಲ್ಲೇ. ಬೆಳಗ್ಗೆ ಒರೆಸಿದ ನೆಲದಲ್ಲಿ ಮಧ್ಯಾಹ್ನ ಕೂಸು ಅಂಬೆಗಾಲಿಟ್ಟರೆ ಅಂಗೈ ಕಪ್ಪು. ಆರು ವರ್ಷದಿಂದ ನೋಡುತ್ತಿದ್ದೇನೆ. ಆದರೂ ಮಳೆ ಬಂದ ಕೂಡಲೇ ಮರೆತುಬಿಡುತ್ತೇನೆ. ಅಷ್ಟೇ ಅಲ್ಲ, ನಿನ್ನ ಮುಂದೆ ಒಂದಾದರೂ ವಿಷಯದಲ್ಲಿ ನನ್ನ ಊರು ಮೇಲು ಅನಿಸಬೇಕಿತ್ತು. ಬಾಯಿ ಬಿಟ್ಟು ಹೇಳಿಬಿಟ್ಟೆ, ಆಮೇಲೆ ನುಂಗಲು ಆಗಲಿಲ್ಲ.

ಸುಮ್ಮನೆ ಕೂತಿಲ್ಲ. ಓಣಿಯವರು ನಲವತ್ತು ಜನ ಸಹಿ ಹಾಕಿ ಅರ್ಜಿ ಕೊಟ್ಟೆವು. ಸರ್ಕಲ್ಲಿನಲ್ಲಿ ಗಾಳಿಯ ಅಂಕಿ ತೋರಿಸುವ ಬೋರ್ಡು ಹಾಕಿದರು. ಅದು ಮಧ್ಯಾಹ್ನ ಗಾಳಿ ಬೀಸುವಾಗ ಹಸಿರು ತೋರಿಸುತ್ತದೆ, ಬೆಳಗ್ಗೆ ಬಂದ್ ಇರುತ್ತದೆ. ಯಾಕೆ ಅಂದರೆ ರಿಪೇರಿ. ಕಚೇರಿಯಲ್ಲಿ ಕೇಳಿದರೆ "ಇದು ಸೀಸನಲ್, ಜೂನಿನಲ್ಲಿ ತಾನೇ ಸರಿ ಹೋಗುತ್ತದೆ" ಅಂದರು. ಜೂನಿನವರೆಗೆ ಉಸಿರು ಬಿಗಿ ಹಿಡಿದುಕೊಂಡು ಕೂರಬೇಕೇ ಅಂತ ಕೇಳಿದೆ. ಆ ಮನುಷ್ಯ ನಕ್ಕ. ಹೊಡೆಯುವಷ್ಟು ಸಿಟ್ಟು ಬಂದಿತ್ತು ಅಕ್ಕಾ.

ಇಷ್ಟು ನನ್ನ ಸುಳ್ಳು. ಈಗ ನಿನ್ನದು. ಊರವರು ಬೆಂಕಿ ಹಚ್ಚುತ್ತಾರೆ ಅಂತ ಬರೆದೆಯಲ್ಲ. ದವಾಖಾನೆಯಲ್ಲಿ ಅವ್ವನನ್ನು ಕೇಳಿದೆ, "ಅಲ್ಲಿ ಯಾರ ಹೊಲದ ಹೊಗಿ ಅವ್ವಾ?" ಅಂತ. "ನಮ್ಮ ಹಿತ್ತಲದ್ದ. ಅಳಿಯಾಗ ಏನೂ ಅನಬ್ಯಾಡ, ಸುವರ್ಣಾನ ಸಂಸಾರ" ಅಂದಳು.

ಪುಂಡಲೀಕ


ಸಾಂಬ್ರಾಣಿ
೨೦ ಜನವರಿ ೨೦೨೫

ತಮ್ಮಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ನಿನ್ನ ಮೇಲೆ ಸಿಟ್ಟು, ಎರಡನೇ ಸಲ ಕಚೇರಿಯವನ ಮೇಲೆ. ಮೂರನೇ ಸಲ ನನಗೇ ನಾಚಿಕೆಯಾಯಿತು.

ಹೌದು, ನಮ್ಮದೇ ಹೊಲ. ಬಚ್ಚಲ ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹೋದ ವರ್ಷ ಅವ್ವ ಎರಡು ಸಲ ದವಾಖಾನೆ ಸೇರಿದ್ದೂ ನಮ್ಮ ಮನೆಯವರು ರವದಿಗೆ ಕಡ್ಡಿ ಗೀರಿದ ವಾರದಲ್ಲೇ. ನಾನು ಹೇಳದೆ ಬಿಟ್ಟಿಲ್ಲ. ಹೇಳಿದರೆ "ರವದಿ ಹಂಗ ಬಿಟ್ರ ನೀರ ಹೆಂಗ ಹಾಯಸ್ಲಿ? ಕೂಳಿ ಕಬ್ಬು ಹೆಂಗ ಚಿಗೀಬೇಕು? ಸೀಸನ್ನಿನಾಗ ನಾಕ ದಿನ ಹೊಗಿ ಇರೂದ" ಅನ್ನುತ್ತಾರೆ. ನಿನ್ನ ಕಚೇರಿಯವನೂ ಇವರೂ ಒಂದೇ ಶಾಲೆಯಲ್ಲಿ ಕಲಿತಿರಬೇಕು. ಕೆಟ್ಟವರಲ್ಲ ತಮ್ಮಾ, ನಿನಗೆ ಗೊತ್ತು. ಹೋದ ವರ್ಷ ಅವ್ವನನ್ನು ಎತ್ತಿಕೊಂಡು ರಸ್ತೆಗೆ ಓಡಿದವರೂ ಇವರೇ. ಆದರೆ ಕಡ್ಡಿ ಗೀರಿದ ಕೈಗೂ ಅವ್ವನನ್ನು ಎತ್ತಿದ ಕೈಗೂ ಸಂಬಂಧ ಇದೆ ಅಂತ ಮಾತ್ರ ಇವರ ತಲೆಗೆ ಹೋಗುವುದಿಲ್ಲ.

ಅವ್ವನಿಗೆ ತಿಳಿದಿರಲಿಕ್ಕಿಲ್ಲ ಅಂದುಕೊಂಡಿದ್ದೆ. ನಾನು "ಆಚೆ ಹೊಲದವರದು" ಅಂದಾಗಲೆಲ್ಲ "ಹೌದೇನವಾ" ಅನ್ನುತ್ತಿದ್ದಳು.

ನಿನ್ನ ಕಾಗದವನ್ನು ಇವರ ಮುಂದೆ ಗಟ್ಟಿಯಾಗಿ ಓದಿದೆ. ಕರಿ ನೀರಿನದು, ಮಾಸ್ಕಿನದು, ಕೊನೆಗೆ ಅವ್ವ ಅಂದ ಮಾತು. ಉಣ್ಣುತ್ತಿದ್ದವರು ಕೈ ತೊಳೆದುಕೊಂಡು ಎದ್ದುಹೋದರು. ಮರುದಿನ ಬೆಳಗ್ಗೆ ತಾವಾಗಿ ಬಂದು "ಈ ವರ್ಷ ಸುಡಂಗಿಲ್ಲ. ಸಾಲಿನ ನಡುವ ರವದಿ ಮುಚ್ಚತೇನಿ. ಅತ್ತೀನ ಕರಸು" ಅಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ನಾನು ಗೆದ್ದ ಮೊದಲ ಜಗಳ. ನಮ್ಮ ಕಟಾವು ಹದಿನೆಂಟನೇ ತಾರೀಕಿಗೆ ಮುಗಿದಿದೆ, ಸುತ್ತಲಿನವರದು ಮೊದಲೇ ಸುಟ್ಟಾಗಿದೆ. ಇನ್ನು ಹೊಗೆ ಎದ್ದರೆ ನಮ್ಮದೊಂದೇ ಹೊಲದಿಂದ, ಅದೂ ಏಳುವುದಿಲ್ಲ.

ಇಪ್ಪತ್ತೈದು ಶನಿವಾರ ಸಿಕಂದರ ಖಾಲಿ ಲಾರಿಯಲ್ಲಿ ವಾಪಸು ಬರುತ್ತಾನೆ. ಅವ್ವನನ್ನು ಕೂರಿಸಿ ಕಳಿಸು. ಘಾಟಿನಲ್ಲಿ ತಲೆ ಸುತ್ತದ ಹಾಗೆ ಮುಂದಿನ ಸೀಟು. ನಿನ್ನನ್ನು ಬೈದದ್ದರಲ್ಲಿ ಅರ್ಧ ವಾಪಸು ತೆಗೆದುಕೊಂಡಿದ್ದೇನೆ.

ಅಕ್ಕ


ಖಾರೆಭಾಟ
೨೮ ಜನವರಿ ೨೦೨೫

ಅಕ್ಕಾ,

ಶನಿವಾರ ಬೆಳಗ್ಗೆ ಅವ್ವನನ್ನು ಹತ್ತಿಸಿದೆ. ಇವತ್ತು ಮಂಗಳವಾರ. ನೀನು ಫೋನು ಎತ್ತುತ್ತಿಲ್ಲ, ಮಾವನದು ಸ್ವಿಚ್ ಆಫ್. ಸಿಕಂದರನ ಫೋನಿಗೆ ಹಚ್ಚಿದರೆ "ಆರಾಮ ಅದಾರ್ರಿ, ನಿಮ್ಮ ಅಕ್ಕಾರು ಬರೀತಾರ" ಅಂದ. ಅವ್ವ ಮನೆಯಲ್ಲಿದ್ದರೆ ನೀನು ಬರೆಯುವುದೇನಿದೆ? ಅವಳ ಕೈಗೆ ಫೋನು ಕೊಟ್ಟರೆ ಮುಗಿಯಿತು.

ಹೊರಡುವಾಗ ಕೂಸನ್ನು ಬಿಟ್ಟು ಹತ್ತಲು ಒಪ್ಪಲಿಲ್ಲ. "ಜೂನಿನಾಗ ಬರ್ತೇನಿ, ಮಳಿ ಬಂದ ಮ್ಯಾಲ" ಅಂತ ಕೂಸಿಗೇ ಹೇಳಿದಳು, ನನಗಲ್ಲ. ಏನಾಗಿದೆ ಅಂತ ಹೇಳು. ಮತ್ತೆ ಸುಳ್ಳಿನ ಆಟ ಶುರು ಮಾಡಬೇಡ.

ಪುಂಡಲೀಕ


ಸಾಂಬ್ರಾಣಿ
೩೦ ಜನವರಿ ೨೦೨೫

ತಮ್ಮಾ,

ಫೋನು ಎತ್ತಲು ನನಗೆ ಮುಖ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅಂಗನವಾಡಿಯಿಂದ ಬರುತ್ತಿದ್ದೆ. ನಮ್ಮ ಹಿತ್ತಲ ಕಡೆ ಹೊಗೆ ಆಕಾಶಕ್ಕೆ ಹತ್ತಿತ್ತು. ಓಡಿದೆ. ನಮ್ಮ ಮನೆಯವರು ಬದುವಿನ ಮೇಲೆ ನಿಂತು ಬೆಂಕಿಯ ಮೇಲೆ ಕಣ್ಣಿಟ್ಟಿದ್ದರು, ಕೈಯಲ್ಲಿ ಹಸಿ ಟೊಂಗೆ. ಏನು ಮಾಡಿದಿರಿ ಅಂತ ಕಿರುಚಿದೆ. "ಯಾಕ ಒದರ್ತಿ? ನಾಳೆ ಅತ್ತಿ ಬರತಾಳ. ಬರೂದ್ರಾಗ ಮುಗಿಸಿಬಿಡೂಣು ಅಂತ ಇವತ್ತ ಹಚ್ಚಿದೆ" ಅಂದರು. ರವದಿ ಮುಚ್ಚಲು ಆಳು ಬರಲಿಲ್ಲವಂತೆ, ನೀರು ಹಾಯಿಸಲು ಮೂರು ಫೇಜ್ ಕರೆಂಟು ಅವತ್ತೇ ಬಂತಂತೆ. ಅವ್ವನ ಮೇಲಿನ ಕಾಳಜಿಯಿಂದಲೇ ಒಂದು ದಿನ ಮೊದಲು ಸುಟ್ಟರಂತೆ! ನನಗೆ ಅಳಬೇಕೋ ಮಣ್ಣು ತೂರಬೇಕೋ ತಿಳಿಯಲಿಲ್ಲ. ಒಂದು ದಿನದಲ್ಲಿ ಹೋಗುವ ಹೊಗೆಯೇ ಅದು? ಗಾಳಿ ಇಲ್ಲದ ಜನವರಿಯಲ್ಲಿ ಮೂರು ದಿನ ಕಮರುತ್ತದೆ. ಇವತ್ತಿಗೂ ಮನೆಯೊಳಗೆ ಕಮರು ವಾಸನೆ.

ಅವತ್ತೇ ನಿನಗೆ ಫೋನು ಮಾಡಿ ಅವ್ವನನ್ನು ತಡೆಯಬೇಕಿತ್ತು, ನಾಚಿಕೆಗೆ ಮಾಡಲಿಲ್ಲ. ಶನಿವಾರ ಸಿಕಂದರನಿಗೆ ಹತ್ತು ಸಲ ಫೋನು ಮಾಡಿದೆ, ಅವ್ವನನ್ನು ವಾಪಸು ಒಯ್ಯಿ ಅನ್ನಲು. ಘಾಟಿನಲ್ಲಿ ಸಿಗ್ನಲ್ ಎಲ್ಲಿದೆ? ಸಂಜೆ ಲಾರಿ ಬಂತು. ಬಾಗಿಲು ತೆಗೆದರೆ ಮುಂದಿನ ಸೀಟಿನಲ್ಲಿ ಅವ್ವನ ಗಂಟು ಮಾತ್ರ, ಅಳಿಯನಿಗೆ ಅಂತ ಕಟ್ಟಿದ ಒಣ ಸಿಗಡಿ. "ಅವ್ವ ಎಲ್ಲಿ?" ಅಂತ ಸಿಕಂದರನ ಅಂಗಿ ಹಿಡಿದೆ.

ಸಿಕಂದರ ಹೇಳಿದ್ದು ಹೀಗೆ. ಗಡಿಯ ಅನಮೋಡದ ಚೆಕ್‌ಪೋಸ್ಟ್ ದಾಟಿ, ಯಾವಾಗಲೂ ನಿಲ್ಲಿಸುವ ಹೊಳೆವ್ವನ ಹೋಟೆಲಿನ ಮುಂದೆ ಚಹಾಕ್ಕೆ ನಿಲ್ಲಿಸಿದ. ಹೊಳೆವ್ವ ಧಾರವಾಡ ಕಡೆಯವಳು, ಗಂಡ ಇಲ್ಲ, ನಮ್ಮ ಕಡೆಯ ಡ್ರೈವರುಗಳಿಗೆ ರೊಟ್ಟಿ ಮಾಡಿ ಹಾಕುತ್ತಾಳೆ. ಅವ್ವ ಇಳಿದು ಚಹಾ ಕುಡಿದು ಹಿಂದಿನ ಕಟ್ಟೆಯ ಮೇಲೆ ಕಾಡಿಗೆ ಮುಖ ಮಾಡಿ ಕೂತಳಂತೆ. ಅರ್ಧ ತಾಸಾದರೂ ಏಳಲಿಲ್ಲ. ಕರೆದರೆ "ನೀ ಹೋಗಪ್ಪಾ ಸಿಕಂದರ. ಎರಡ ತಿಂಗಳ ಮ್ಯಾಲ ಪೂರಾ ಉಸುರು ಇಲ್ಲಿ ಸಿಕ್ಕೈತಿ, ಬಿಟ್ಟು ಬರಾಕ ಆಗಂಗಿಲ್ಲ" ಅಂದಳಂತೆ. "ಅಕ್ಕಾರು ನನ್ನ ಕೊಲ್ತಾರ ಆಯಿ, ಏಳ್ರಿ" ಅಂತ ಕೈ ಮುಗಿದನಂತೆ. ಹೊಳೆವ್ವನೇ "ಇರ್ಲಿ ಬಿಡಪ್ಪಾ, ನನ್ನ ಕೈ ಮುರದೈತಿ, ರೊಟ್ಟಿ ಬಡಿಯಾಕ ಒಬ್ರು ಬೇಕಾಗೇತಿ" ಅಂದಳಂತೆ.

ಸಿಕಂದರನನ್ನು ಬೈಯಲು ಬಾಯಿ ತೆಗೆದೆ. ನಮ್ಮ ಹಿತ್ತಲಲ್ಲಿ ಹೊಗೆ ಏಳುತ್ತಿತ್ತು. ಚಹಾ ಕೊಟ್ಟು ಕಳಿಸಿದೆ.

ಸುವರ್ಣಾ


ಖಾರೆಭಾಟ
೪ ಫೆಬ್ರುವರಿ ೨೦೨೫

ಅಕ್ಕಾ,

ನೀವಿಬ್ಬರೂ ಸೇರಿ ಒಳ್ಳೇ ಕೆಲಸ ಮಾಡಿದಿರಿ! ಬರುವ ಮೊದಲು ಸುಟ್ಟರಂತೆ, ಕಾಳಜಿಯಂತೆ. ಮಾವನಿಗೆ ಹೇಳು, ಇನ್ನಷ್ಟು ಕಾಳಜಿ ಮಾಡಿದರೆ ಅವ್ವ ಉಳಿಯುವುದಿಲ್ಲ.

ಭಾನುವಾರ ಬಸ್ಸು ಹಿಡಿದು ಅನಮೋಡಕ್ಕೆ ಹೋಗಿದ್ದೆ. ಅವ್ವ ಹೋಟೆಲಿನ ಒಳಗೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮುಂದೆ ಯಾಕೆ ಅಂತ ಕೂಗಾಡಿದೆ. "ಗ್ಯಾಸ್ ಒಲಿ ಐತಿ, ಕಣ್ಣ ಕಾಣಂಗಿಲ್ಲೇನ?" ಅಂದಳು. ಲಾರಿ ಡ್ರೈವರುಗಳು "ಅಜ್ಜಿ, ಇನ್ನೊಂದ ರೊಟ್ಟಿ" ಅಂತ ಕರೆಯುತ್ತಿದ್ದರು. ನಮ್ಮ ಅವ್ವ ಅಕ್ಕಾ! ಇಬ್ಬರು ಮಕ್ಕಳು ಗಟ್ಟಿಯಾಗಿ ಇದ್ದೂ ಗಡಿಯ ಹೋಟೆಲಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಇಲ್ಲಿ ಅವಳನ್ನು ಎಲ್ಲಿ ಇಟ್ಟೆ ಅಂತ ಪಕ್ಕದ ಮನೆಯವರು ಕೇಳಿದರೆ ಏನು ಹೇಳಲಿ?

ಬಾ ಅಂದೆ, ಬರಲಿಲ್ಲ. ಬೇರೆ ಮನೆ ಮಾಡುತ್ತೇನೆ, ಒಳಗಿನ ಊರಲ್ಲಿ, ಅಂದೆ. "ಮಾಡಿದ ಮ್ಯಾಲ ಹೇಳು" ಅಂದಳು. ನನಗೆ ಊಟಕ್ಕೆ ಹಾಕಿ, ನನ್ನ ಬಸ್ಸಿಗೆ ಅವಳೇ ಕೈ ಮಾಡಿ ನಿಲ್ಲಿಸಿ, ಹತ್ತಿಸಿ ಕಳಿಸಿದಳು.

ನಿನ್ನ ಮಾತು ಕೇಳುತ್ತಾಳೆ. ನೀನು ಹೋಗು. ರವದಿ ಸುಟ್ಟು ಮುಗಿಯಿತಲ್ಲ, ನಿನ್ನ ಮನೆಗೆ ಕರೆದುಕೊಂಡು ಹೋಗು. ಈ ಒಂದು ಕೆಲಸವಾದರೂ ಸರಿಯಾಗಿ ಮಾಡು.

ಪುಂಡಲೀಕ


ಅನಮೋಡ
೧೦ ಫೆಬ್ರುವರಿ ೨೦೨೫

ತಮ್ಮಾ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಶನಿವಾರ ಅವ್ವನನ್ನು ಕರೆದೊಯ್ಯಲು ಬಂದೆ. ಇವತ್ತು ಸೋಮವಾರ, ಇನ್ನೂ ಇಲ್ಲೇ ಇದ್ದೇನೆ. ಮೇಲಿನವರಿಗೆ ರಜೆ ಹೇಳಿದ್ದೇನೆ. ನಾಳೆ ಹೋಗಲೇಬೇಕು.

ಬಸ್ಸಿನಲ್ಲಿ ಕೂತು ಏನೇನು ಬೈಯಬೇಕು ಅಂತ ಪಾಠ ಮಾಡಿಕೊಂಡು ಬಂದಿದ್ದೆ. ಜನ ಏನಂದಾರು, ತಮ್ಮನ ಮಾನ, ನನ್ನ ಮಾನ. ಇಳಿದ ಕೂಡಲೇ ಶುರು ಮಾಡಿದೆ. ಅವ್ವ ಬೈಗುಳ ಕೇಳುತ್ತಲೇ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ಹೊಳೆವ್ವ ಕಟ್ಟು ಹಾಕಿದ ಕೈ ಎದೆಗೆ ಒತ್ತಿಕೊಂಡು ಕೂತು, ನಾನು ಬೈಯುವುದನ್ನು ನಾಟಕ ನೋಡಿದ ಹಾಗೆ ನೋಡಿದಳು. ನನಗೆ ಇನ್ನಷ್ಟು ಸಿಟ್ಟು ಬಂತು. "ಗಂಟು ಕಟ್ಟು" ಅಂದೆ. "ನೀರು ತರೂಣು ಬಾ, ಬಂದು ಕಟ್ತೇನಿ" ಅಂದಳು.

ಹೋಟೆಲಿನ ಹಿಂದೆ ತಗ್ಗಿನಲ್ಲಿ ಒಂದು ಝರಿ ಇದೆ. ಇಳಿಯಲು ಮಣ್ಣು ಕಡಿದು ಮೆಟ್ಟಿಲು ಮಾಡಿದ್ದಾರೆ, ಕಡಿದಾಗಿವೆ. ಅವ್ವ ಕೊಡ ತುಂಬಿ ಸೊಂಟಕ್ಕೆ ಇಟ್ಟುಕೊಂಡು ಹತ್ತತೊಡಗಿದಳು. ನಾನು ಖಾಲಿ ಕೈಯಲ್ಲಿ ಹಿಂದೆ. ಅವಳು ಮಾತಾಡುತ್ತಾ ಹತ್ತಿದಳು ತಮ್ಮಾ. ನಿನ್ನ ಕೂಸಿಗೆ ಹಲ್ಲು ಬರುವ ಮಾತು, ಹೊಳೆವ್ವನ ಮುರಿದ ಕೈಯ ಮಾತು, ಕ್ಯಾಸಲ್‌ರಾಕಿನ ರೈಲ್ವೆಯವನೊಬ್ಬ ಹನ್ನೊಂದು ರೊಟ್ಟಿ ತಿಂದ ಮಾತು. ಎಲ್ಲೂ ನಿಲ್ಲಲಿಲ್ಲ. ಹೋದ ವರ್ಷ ನಮ್ಮ ಕಟ್ಟೆಯ ಎರಡು ಮೆಟ್ಟಿಲಿಗೆ ಗೋಡೆ ಹಿಡಿಯುತ್ತಿದ್ದವಳು.

ಅರ್ಧ ದಾರಿಯಲ್ಲಿ ನನಗೆ ಕಾಲು ಎತ್ತಲಾಗಲಿಲ್ಲ. ನಿಂತೆ. ಕೆಮ್ಮು ಬಂತು, ಬಂದದ್ದು ಹೋಗಲೊಲ್ಲದು. ಬೇರಿನ ಮೇಲೆ ಕೂತುಬಿಟ್ಟೆ. ಮೇಲೆ ಅವ್ವನ ಮಾತು ನಿಂತಿತು. ಕೊಡ ಅಲ್ಲೇ ಇಟ್ಟು ಇಳಿದು ಬಂದಳು. ಏನೂ ಕೇಳದೆ ನನ್ನ ಬೆನ್ನಿಗೆ ಕಿವಿ ಹಚ್ಚಿದಳು. ನಾನು ಅಂಗನವಾಡಿಯ ಮಕ್ಕಳಿಗೆ ಹಚ್ಚುವ ಹಾಗೆ.

"ಯಾವಾಗಿಂದ?" ಅಂದಳು.

ಬಸ್ಸಿನ ಧೂಳು ಅಂತ ಹೇಳಲು ಬಾಯಿ ತೆಗೆದಿದ್ದೆ.

"ಹ್ವಾದ ವರ್ಷದ ಕಟಾವಿನಿಂದ" ಅಂದೆ.

"ಸಾತಪ್ಪಗ ಹೇಳೀಯೇನು?"

"ಇಲ್ಲ."

"ಯಾಕ?"

"ನೀನೂ ಹೇಳಿರಲಿಲ್ಲಲ್ಲ ಅವ್ವಾ."

ಅವ್ವ ಪಕ್ಕದಲ್ಲಿ ಕೂತಳು. ನಾನು ಅತ್ತೆ, ಅವಳು ಅಳಬೇಡ ಅನ್ನಲಿಲ್ಲ. ಆಮೇಲೆ ಎದ್ದು, ಮೇಲೆ ಹೋಗಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಮತ್ತೆ ಇಳಿದು ಬಂದಳು. ಇನ್ನೊಂದು ಕೈ ನನ್ನ ಕಡೆ ಚಾಚಿದಳು. ಉಳಿದ ಮೆಟ್ಟಿಲುಗಳನ್ನು ಅವಳೇ ಹತ್ತಿಸಿದಳು.

ಅಕ್ಕ